ತಿಪ್ಪೇಶಿ ಗ್ರೂಪ್ ಬಿಟ್ಟ

ನಮ್ಮ ಫ್ಯಾಮಿಲಿ ಗ್ರೂಪ್‌ನಿಂದ ನಮ್ಮಣ್ಣ ಎದ್ದು ಹೋದ. ಭಾನುವಾರ ಬೆಳಗ್ಗೆ, ಒಲೆ ಮೇಲೆ ಇಡ್ಲಿ ಬೇಯುತ್ತಿದ್ದ ಹೊತ್ತು. ಫೋನ್ ತೆಗೆದು ನೋಡಿದರೆ ಒಂದೇ ಸಾಲು. ರುದ್ರೇಶ ಲೆಫ್ಟ್.

ಜಗಳವಿಲ್ಲ, ಮಾತಿಲ್ಲ. ಆ ಗ್ರೂಪ್‌ನಲ್ಲಿ ಜಗಳ ಆಡುವಂಥದ್ದಾದರೂ ಏನಿದೆ ಹೇಳಿ? ಬೆಳಗಾದರೆ ಗುಡ್ ಮಾರ್ನಿಂಗ್ ಹೂವು, ಹಬ್ಬಕ್ಕೊಂದು ದೇವರ ಫೋಟೊ, ಯಾರದೋ ಮೊಮ್ಮಗುವಿನ ಬರ್ತ್‌ಡೇ ಕೇಕು. ಅಣ್ಣ ಅದರಲ್ಲಿ ಇದ್ದೂ ಇಲ್ಲದವನ ಹಾಗೆ ಇದ್ದ. ಹೂವಿಗೂ ಕೈ ಮುಗಿಯುತ್ತಿದ್ದ, ಸಾವಿನ ಸುದ್ದಿಗೂ ಕೈ ಮುಗಿಯುತ್ತಿದ್ದ. (ಅವನಿಗೆ ಗೊತ್ತಿದ್ದದ್ದು ಅದೊಂದೇ ಎಮೋಜಿ.)

ಅವನು ಹೋಗಿದ್ದಕ್ಕೆ ಕಾರಣ ನಾನು. ಹತ್ತು ನಿಮಿಷದ ಹಿಂದೆ ಒಂದು ಆಡಿಯೊ ಹಾಕಿದ್ದೆ. ಯಾರೋ ಪುಣ್ಯಾತ್ಮರು ಹಳೇ ಕ್ಯಾಸೆಟ್ ಹುಡುಕಿ, ಧೂಳು ಒರೆಸಿ, ಫೋನಿಗೆ ಇಳಿಸಿದ್ದ ರೇಡಿಯೊ ನಾಟಕ. ನನಗೆ ಎಲ್ಲಿಂದಲೋ ಬಂತು. ಮೊದಲ ಅರ್ಧ ನಿಮಿಷ ಕೇಳಿದೆ, ಆ ಶೀರ್ಷಿಕೆ ಸಂಗೀತಕ್ಕೇ ಕಣ್ಣಲ್ಲಿ ನೀರು ಬಂತು, ಪೂರ್ತಿ ಕೇಳದೆ ಫಾರ್ವರ್ಡ್ ಮಾಡಿದೆ. ಜೊತೆಗೆ ಐದು ನಗುವ ಮುಖ. ಕೆಳಗೆ, 'ಅಣ್ಣಾ, ನೆನಪಿದೆಯಾ?'

ನೆನಪಿತ್ತು. ಎದ್ದು ಹೋದ.

ಐವತ್ತು ದಾಟಿದ ನಮ್ಮ ಕಡೆಯ ಓದುಗರಿಗೆ 'ಏನಾಯ್ತು ತಿಪ್ಪೇಶಿ?' ನೆನಪಿರಬಹುದು. ಭಾನುವಾರ ಬೆಳಗ್ಗೆ ಬರುತ್ತಿದ್ದ ಹದಿನೈದು ನಿಮಿಷದ ಹಾಸ್ಯ. ಒಂದು ಮನೆ. ಅಪ್ಪ, ಅಮ್ಮ, ಅಜ್ಜಿ, ಹದಿನಾರು ವರ್ಷದ ಮಗ ತಿಪ್ಪೇಶಿ. ತಿಪ್ಪೇಶಿ ಕೆಟ್ಟವನಲ್ಲ. ಹೇಳಿದ ಕೆಲಸವನ್ನು ಓಡಿ ಹೋಗಿ ಮಾಡುತ್ತಾನೆ, ಮಾಡಿದ್ದೆಲ್ಲ ಎಡವಟ್ಟಾಗುತ್ತದೆ. ಕೊನೆಗೆ ಪಾತ್ರೆಪಗಡ ಉರುಳಿದ ಸದ್ದಾಗಿ, ಅಜ್ಜಿ ಒಳಗಿನಿಂದ 'ಏನಾಯ್ತು ತಿಪ್ಪೇಶಿ?' ಅನ್ನುತ್ತಾಳೆ. ಅಲ್ಲಿಗೆ ಆ ವಾರದ ಕಥೆ ಮುಗಿಯಿತು.

ಕೊರಟಗೆರೆಯ ನಮ್ಮ ಮನೆಯ ಕಿಟಕಿಯಲ್ಲಿ ರೇಡಿಯೊ, ಹೊರಗೆ ಜಗಲಿ ತುಂಬ ಬೀದಿಯ ಜನ. ಅಪ್ಪನಿಗೆ ಪೇಟೆಯಲ್ಲಿ ಕಾಳುಕಡಿಯ ಅಂಗಡಿ. ವಾರವಿಡೀ ಮುಖ ಗಂಟು ಹಾಕಿಕೊಂಡಿರುತ್ತಿದ್ದ ಮನುಷ್ಯ ಆ ಹದಿನೈದು ನಿಮಿಷ ಪಂಚೆಯ ತುದಿಯಲ್ಲಿ ಕಣ್ಣು ಒರೆಸಿಕೊಂಡು ನಗುತ್ತಿದ್ದ. 'ಎಂಥಾ ಹುಡುಗನಪ್ಪಾ ಇವ್ನು' ಅನ್ನುತ್ತಿದ್ದ. ಅದೇ ಎಡವಟ್ಟು ಸ್ವಂತ ಮಗ ಮಾಡಿದರೆ? ಕೆನ್ನೆಗೆ ಬೀಳುತ್ತಿತ್ತು.

ನಾಟಕ ಬರೆಯುತ್ತಿದ್ದವರು ನಮ್ಮ ಎದುರು ಮನೆಯ ಮೇಷ್ಟ್ರು. ಹಗಲು ಪಾಠ, ಸಂಜೆ ಬರವಣಿಗೆ. ಬರೆದದ್ದನ್ನು ಕವರಿಗೆ ಹಾಕಿ ಬೆಂಗಳೂರಿಗೆ ಪೋಸ್ಟ್ ಮಾಡುತ್ತಿದ್ದರು. ಒಳ್ಳೇ ಮನುಷ್ಯ, ಈಗ ಇಲ್ಲ. ಅವರಿಗೆ ಮಕ್ಕಳಿರಲಿಲ್ಲ. ಹಾಗಾದರೆ ಹದಿನಾರರ ಹುಡುಗನ ಎಡವಟ್ಟುಗಳು ವಾರಕ್ಕೊಂದರಂತೆ ಅವರಿಗೆ ಎಲ್ಲಿಂದ ಸಿಗುತ್ತಿದ್ದವು?

ನಮ್ಮ ಮನೆಯಿಂದ. ತಿಪ್ಪೇಶಿ ಅಂದರೆ ನಮ್ಮಣ್ಣ.

ಒಂದು ಸಲ ಶಿರಾದಿಂದ ದೊಡ್ಡಮ್ಮ ಬಂದಿದ್ದರು. ಹೊರಡುವ ದಿನ ಅವರ ತಗಡಿನ ಟ್ರಂಕು ಹೊತ್ತು ಬಸ್‌ಸ್ಟ್ಯಾಂಡಿಗೆ ಹೋದವನು ಅಣ್ಣ. ದೊಡ್ಡಮ್ಮನನ್ನು ಸರಿಯಾಗಿ ಶಿರಾ ಬಸ್ಸಿಗೆ ಹತ್ತಿಸಿದ, ಟ್ರಂಕನ್ನು ಮಾತ್ರ ಪಕ್ಕದಲ್ಲಿದ್ದ ಪಾವಗಡ ಬಸ್ಸಿನ ಟಾಪ್ ಮೇಲೆ ಹಾಕಿದ. ದೊಡ್ಡಮ್ಮ ಮೂರು ದಿನ ಒಂದೇ ಸೀರೆಯಲ್ಲಿದ್ದರು. ಇನ್ನೊಂದು ಸಲ ಹುಣಸೆಹಣ್ಣು. ನಮ್ಮ ಕಡೆ ಗೊತ್ತಲ್ಲ, ಬೇಸಿಗೆಯಲ್ಲಿ ಹುಣಸೆಹಣ್ಣು ಬಡಿದು, ಬೀಜ ತೆಗೆದು, ಕಲ್ಲುಪ್ಪು ಬೆರೆಸಿ ವರ್ಷಕ್ಕಾಗುವಷ್ಟು ಮಡಕೆಗೆ ತುಂಬಿಡುತ್ತಾರೆ. ಅಮ್ಮ ಉಪ್ಪು ಬೆರೆಸು ಅಂದರೆ, ಇವನು ಪಕ್ಕದ ಡಬ್ಬಿಯಲ್ಲಿದ್ದ ಬಟ್ಟೆ ಸೋಡಾ ಬೆರೆಸಿದ. ಹುಳಿ, ಸೋಡಾ, ನೀರು ಚಿಮುಕಿಸಿದ ಕೈ. ಮಡಕೆ ಬುಸ್ಸಂತ ಉಕ್ಕಿ ನಡುಮನೆಗೆಲ್ಲ ನೊರೆ. ಆ ವರ್ಷವೆಲ್ಲ ಸಾರಿಗೆ ಪಕ್ಕದ ಮನೆಯವರ ಹುಣಸೆಹಣ್ಣೇ ಗತಿ.

ಎರಡೂ ಕಥೆ ಭಾನುವಾರದ ರೇಡಿಯೊದಲ್ಲಿ ಬಂದವು. ಊರಿಗೆ ಅರ್ಥವಾಗದೆ ಇರುತ್ತದೆಯೇ? ಅಣ್ಣ ಸ್ಕೂಲಿಗೆ ಹೊರಟರೆ ಸೈಕಲ್ ಶಾಪಿನಿಂದ ಒಂದು ದನಿ, 'ಏನಾಯ್ತು ತಿಪ್ಪೇಶಿ?' ಕಟಿಂಗ್ ಶಾಪಿನಿಂದ ಇನ್ನೊಂದು. ಮೊದಮೊದಲು ಅವನೂ ನಗುತ್ತಿದ್ದ. ಅಪ್ಪನಂತೂ ಟ್ರಂಕಿನ ಕಥೆಯನ್ನು ಅಂಗಡಿಗೆ ಬಂದವರಿಗೆಲ್ಲ ತಾನೇ ಹೇಳಿ ನಗಿಸುತ್ತಿದ್ದ. ಹಾಗಾಗಿ ಮೇಷ್ಟ್ರಿಗೆ ಸುದ್ದಿ ಮುಟ್ಟಿಸುತ್ತಿರುವುದು ಅಪ್ಪನೇ ಅಂತ ಅಣ್ಣನಿಗೆ ಖಾತ್ರಿಯಾಗಿತ್ತು.

ಅಪ್ಪ ಅಲ್ಲ. ನಾನು.

ನನಗಾಗ ಹತ್ತು ವರ್ಷ. ನಮ್ಮ ಮನೆಯಲ್ಲಿ ಹೆಣ್ಣುಮಗು ಬಾಯಿ ತೆರೆದರೆ 'ಹೋಗೇ, ಕೆಲಸ ನೋಡು' ಅನ್ನುತ್ತಿದ್ದರು. ಎದುರು ಮನೆಯಲ್ಲಿ ಒಬ್ಬ ದೊಡ್ಡ ಮನುಷ್ಯ ಪೆನ್ನು ಕೆಳಗಿಟ್ಟು, ಕನ್ನಡಕ ತೆಗೆದು, 'ಹೂಂ, ಆಮೇಲೆ?' ಅನ್ನುತ್ತಿದ್ದರು. ಅವರ ಹೆಂಡತಿ ನಿಪ್ಪಟ್ಟು ಕೊಡುತ್ತಿದ್ದರು ನಿಜ, ಆದರೆ ನಾನು ಹೋಗುತ್ತಿದ್ದದ್ದು ನಿಪ್ಪಟ್ಟಿಗಲ್ಲ. ಆ 'ಆಮೇಲೆ?'ಗೆ. ಒಂದು ವಾರ ಅಣ್ಣ ಏನೂ ಬೀಳಿಸದೆ, ಒಡೆಯದೆ ಇದ್ದರೆ ನನಗೇ ಬೇಜಾರಾಗುತ್ತಿತ್ತು. ಮೇಷ್ಟ್ರಿಗೆ ಏನು ಹೇಳಲಿ?

(ಹದಿನೇಳು ವರ್ಷದಿಂದ ಪ್ರತಿ ವಾರ ಈ ಅಂಕಣ ತುಂಬಿಸುತ್ತಿದ್ದೇನಲ್ಲ, ಗಂಡನ ಗೊರಕೆ, ಪಕ್ಕದ ಮನೆಯವರ ಕುಕ್ಕರ್, ನಾದಿನಿಯ ಡಯಟ್ಟು ಅಂತ. ಅಭ್ಯಾಸ ಎಲ್ಲಿಂದ ಶುರುವಾಯಿತು ಅಂತ ಈಗ ಗೊತ್ತಾಯಿತೇ?)

ಆಮೇಲೆ ಬಂತು ನೋಟ್ಸಿನ ಕಥೆ. ಗ್ರೂಪ್‌ಗೆ ನಾನು ಪೂರ್ತಿ ಕೇಳದೆ ಕಳಿಸಿದ್ದು ಅದನ್ನೇ.

ಅಣ್ಣನ ಕ್ಲಾಸಿನಲ್ಲಿ ಹೊಳವನಹಳ್ಳಿಯಿಂದ ಬಸ್ಸಿಗೆ ಬರುತ್ತಿದ್ದ ಒಬ್ಬ ಹುಡುಗಿ. ಅವಳ ಹತ್ತಿರ ಸೈನ್ಸ್ ನೋಟ್ಸ್ ತಂದಿದ್ದ. ಸೋಮವಾರ ಕ್ಲಾಸಿನಲ್ಲಿ ವಾಪಸ್ ಕೊಟ್ಟಿದ್ದರೆ ಮುಗಿಯುತ್ತಿತ್ತು. ಇವನು ಅಲ್ಲಿಯ ಸಂತೆ ದಿನ ನೋಡಿಕೊಂಡು, ಅಪ್ಪನ ಗಂಜಿ ಹಾಕಿದ ಬಿಳಿ ಶರಟು ಕದ್ದು ಹಾಕಿಕೊಂಡು, ಸೈಕಲ್ ತುಳಿದುಕೊಂಡು ಹೊಳವನಹಳ್ಳಿಗೆ ಹೋದ. ಬಸ್‌ಸ್ಟಾಪಿನ ಕಟ್ಟೆ ಮೇಲೆ ನೋಟ್ಸ್ ಇಟ್ಟು, ಅವಳು ಸಿಕ್ಕರೆ ಏನು ಹೇಳಬೇಕು ಅಂತ ಬಾಯಲ್ಲೇ ಪ್ರಾಕ್ಟೀಸ್ ಮಾಡುತ್ತ ನಿಂತ. ಸಂತೆಗೆ ಮಾರಲು ತಂದಿದ್ದ ಒಂದು ಹೋತ ಹಿಂದಿನಿಂದ ಬಂದು ನೋಟ್ಸಿಗೆ ಬಾಯಿ ಹಾಕಿತು. ಇವನು ಎಳೆದ, ಅದೂ ಎಳೆಯಿತು. ಶರಟು ಅದರ ಕೊಂಬಿಗೆ ಸಿಕ್ಕಿ ಪರ್ ಅಂತ ಹರಿಯಿತು. ಅದೇ ಹೊತ್ತಿಗೆ ಆ ಹುಡುಗಿ ಅವಳಮ್ಮನ ಜೊತೆ ಸಂತೆಗೆ ಬಂದಳು. ಅಣ್ಣ ಅರ್ಧ ಪುಸ್ತಕ ಅವಳ ಕೈಗೆ ಕೊಟ್ಟು, 'ಥ್ಯಾಂಕ್ಸ್' ಅಂದು ಸೈಕಲ್ ಹತ್ತಿದ.

ಹಿತ್ತಲ ಬಾಗಿಲಿನಿಂದ ಒಳಗೆ ಬರುವಾಗ ಅಪ್ಪನ ಕೈಗೆ ಸಿಕ್ಕಿಬಿದ್ದ. ಶರಟು ಹರಿದದ್ದಕ್ಕೆ ಎರಡು ಏಟು ಬಿತ್ತು, ಕಥೆಯೆಲ್ಲ ಹೊರಗೆ ಬಂತು. ಅಮ್ಮ ತವರಿಗೆ ಹೋಗಿದ್ದಳು. ಮನೆಯಲ್ಲಿದ್ದದ್ದು ಅಪ್ಪ, ಅಣ್ಣ, ಮತ್ತೆ ಬಾಗಿಲ ಹಿಂದೆ ನಾನು. ಅಣ್ಣ ಅಪ್ಪನಿಗೆ ಕೈ ಮುಗಿದು ಹೇಳಿದ್ದು ಈಗಲೂ ಕಿವಿಯಲ್ಲಿದೆ. 'ಹೊಡಿ ಅಪ್ಪ, ಇನ್ನೂ ಹೊಡಿ. ಯಾರಿಗೂ ಹೇಳ್ಬೇಡ.'

ನಾನು ಮಾರನೇ ದಿನವೇ ಹೇಳಿದೆ. ಮೇಷ್ಟ್ರು ಅಷ್ಟು ನಕ್ಕಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ.

ರೇಡಿಯೊದಲ್ಲಿ ಬಂದ ಮೇಲೆ ಆ ಹುಡುಗಿ ಕ್ಲಾಸಿಗೆ ಕಾಲಿಟ್ಟರೆ ಹುಡುಗರು 'ಮ್ಯಾ' ಅನ್ನತೊಡಗಿದರು. ಅವಳು ಒಂದು ವಾರ ಸ್ಕೂಲಿಗೆ ಬರಲಿಲ್ಲ. ಬಂದ ಮೇಲೆ ಅಣ್ಣನ ಕಡೆ ತಿರುಗಿಯೂ ನೋಡಲಿಲ್ಲ. ಅಣ್ಣ ಅವತ್ತಿನಿಂದ ಅಪ್ಪನ ಜೊತೆ ಮಾತು ನಿಲ್ಲಿಸಿದ. ಜಗಳವಾಡಿ ಬಿಟ್ಟದ್ದಲ್ಲ. ಕೇಳಿದ್ದಕ್ಕೆ ಹೂಂ, ಉಹೂಂ. ಕಾಲೇಜಿಗೆ ಹೋದ, ಬಿ.ಎಡ್ ಮಾಡಿದ, ಮೇಷ್ಟ್ರಾದ, ಮದುವೆಯಾದ, ಹೂಂ ಉಹೂಂ ಹಾಗೇ ಉಳಿಯಿತು. ಒಂಬತ್ತು ವರ್ಷದ ಹಿಂದೆ ಅಪ್ಪ ಹೋಗುವವರೆಗೂ.

ಮುಚ್ಚುಮರೆ ಏಕೆ? ನಾನು ಇದನ್ನೆಲ್ಲ ಮರೆತೇಬಿಟ್ಟಿದ್ದೆ. ತಿಪ್ಪೇಶಿ ಅಂದರೆ ನನಗೆ ಉಳಿದಿದ್ದದ್ದು ಜಗಲಿ, ನಿಪ್ಪಟ್ಟು, ಅಪ್ಪನ ನಗು. ಹೇಳಿದವರಿಗೆ ಮರೆತುಹೋಗುತ್ತದೆ, ಹೇಳಿಸಿಕೊಂಡವರಿಗಲ್ಲ.

ಅವತ್ತು ಮಧ್ಯಾಹ್ನ ಅತ್ತಿಗೆ ಫೋನ್ ಮಾಡಿದರು. ಅವರ ತವರು ಕ್ಯಾತಗಾನಚೆರ್ಲು. ಅಣ್ಣ ಪಾವಗಡ ತಾಲ್ಲೂಕಿನಲ್ಲೇ ಸರ್ವಿಸ್ ಮುಗಿಸಿ, ಹೆಡ್‌ಮಾಸ್ಟರಾಗಿ ರಿಟೈರಾಗಿ, ಈಗ ಅಲ್ಲೇ ಮನೆ ಮಾಡಿಕೊಂಡಿದ್ದಾನೆ. ನಿಮ್ಮಣ್ಣ ಬೆಳಗ್ಗೆ ಫೋನಿನಲ್ಲಿ ಏನೋ ಕೇಳಿದರಂತೆ, ತಿಂಡಿ ಬಿಟ್ಟು ಎದ್ದು ಸೋಲಾರ್ ಪಾರ್ಕಿನ ಬೇಲಿ ಕಡೆ ನಡೆದುಕೊಂಡು ಹೋದವರು ಇನ್ನೂ ಬಂದಿಲ್ಲವಂತೆ. ಆಮೇಲೆ ಅತ್ತಿಗೆ ಕೇಳಿದರು, 'ತಿಪ್ಪೇಶಿ ಅಂದ್ರೆ ಯಾರಮ್ಮಾ?'

ಮದುವೆಯಾಗಿ ಮೂವತ್ತಮೂರು ವರ್ಷ. ಹೆಂಡತಿಗೆ ಗೊತ್ತಿಲ್ಲ.

ನೀವು ಚಿಕ್ಕವರಿದ್ದಾಗ ರೇಡಿಯೊದಲ್ಲಿ ಕೇಳಿರಬೇಕಲ್ಲ ಅತ್ತಿಗೆ, ಅಂದೆ. ನಮ್ಮೂರಲ್ಲಿ ಕನ್ನಡ ಸ್ಟೇಷನ್ ಯಾರು ಹಾಕ್ತಿದ್ರು, ಎಲ್ಲಾ ತೆಲುಗೇ ಅಲ್ಲವಾ, ಅಂದರು.

ಫೋನಿಟ್ಟು ಅಡುಗೆಮನೆಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಸರ್ಕಾರಿ ನೌಕರರಿಗೆ ಕೇಳಿ ನೋಡಿ, ಆಂಧ್ರದ ಗಡಿಯ ಪಾವಗಡ ಅಂದರೆ ಪನಿಶ್‌ಮೆಂಟ್ ಟ್ರಾನ್ಸ್‌ಫರ್ ಅನ್ನುತ್ತಿದ್ದ ಕಾಲ ಅದು. ಅಲ್ಲಿಗೆ ವರ್ಗವಾದವರು ಬಂದ ದಿನದಿಂದಲೇ ವಾಪಸ್ ಹೋಗಲು ಕೈಕಾಲು ಹಿಡಿಯುತ್ತಿದ್ದರು. ನಮ್ಮಣ್ಣ ಮಾತ್ರ ತಾನೇ ಅರ್ಜಿ ಬರೆದುಕೊಟ್ಟು ಅಲ್ಲಿಗೆ ಹಾಕಿಸಿಕೊಂಡ. ಹುಚ್ಚು ಅಂದರು ಎಲ್ಲರೂ. ಅಪ್ಪ ಏನೂ ಅನ್ನಲಿಲ್ಲ. ಯಾಕೆ ಹೋದ ಅಂತ ನನಗೆ ಅವತ್ತು, ಅಡುಗೆಮನೆಯ ಮೆಟ್ಟಿಲ ಮೇಲೆ ಗೊತ್ತಾಯಿತು. ಜಿಲ್ಲೆಯಲ್ಲಿ ತಿಪ್ಪೇಶಿಯನ್ನು ಕೇಳದೇ ಇದ್ದ ಜನ ಇದ್ದದ್ದು ಅಲ್ಲೇ.

ಮಾರನೇ ದಿನ ಮಧುಗಿರಿಯಿಂದ ಅಣ್ಣನ ಊರಿಗೆ ಬಸ್ಸು ಹತ್ತಿದೆ. ಈಗೀಗ ಬಸ್ಸೆಂದರೆ ಮಂಡಿ ಮೊದಲು ಬೇಡ ಅನ್ನುತ್ತದೆ. ಮುಂದಿನ ಸೀಟಿನಲ್ಲಿ ಒಬ್ಬ ತಾಯಿ ಫೋನಿನಲ್ಲಿ ಒಂದು ರೀಲ್ ಹಾಕಿಕೊಂಡು ಪಕ್ಕದವಳಿಗೆ ತೋರಿಸುತ್ತಿದ್ದಳು. ಅವಳ ಮಗನೇ ಅಂತೆ. ಹಾಲಿನ ಕ್ಯಾನ್ ಎತ್ತಲು ಹೋಗಿ ಜಾರಿಬಿದ್ದ ಹುಡುಗ, ಹಿಂದೆ ಹಾಸ್ಯದ ಮ್ಯೂಸಿಕ್ಕು. ಇಬ್ಬರೂ ನಕ್ಕಿದ್ದೇ ನಕ್ಕಿದ್ದು. ಈಗ ಎದುರುಮನೆ ಮೇಷ್ಟ್ರು ಬೇಕಿಲ್ಲ, ಹೆತ್ತವರೇ ಸಾಕು. ಆ ಹುಡುಗನನ್ನು ಯಾರಾದರೂ ಕೇಳಿದ್ದರೇ? ನಾನೂ ಅವಳಿಗೆ ಏನೂ ಹೇಳಲಿಲ್ಲ. ಯಾವ ಬಾಯಲ್ಲಿ ಹೇಳಲಿ?

ಅಣ್ಣ ಬೇವಿನ ಮರದ ಕೆಳಗೆ ಬಿತ್ತನೆಗೆ ಕಡಲೆಕಾಯಿ ಬಿಡಿಸುತ್ತ ಕೂತಿದ್ದ. ಬಂದೆಯಾ ಅಂದ, ಮೊರ ನನ್ನ ಕಡೆ ಸರಿಸಿದ. ನಾನೂ ಬಿಡಿಸುತ್ತ ಕೂತೆ. ಅತ್ತಿಗೆ ಕಾಫಿ ತಂದಿಟ್ಟು, ಇಬ್ಬರ ಮುಖ ನೋಡಿ ಒಳಗೆ ಹೋದರು. ಮೊರದಲ್ಲಿ ಒಂದು ಹಿಡಿ ಬೀಜವಾಯಿತು.

'ಅಣ್ಣ, ಮೇಷ್ಟ್ರಿಗೆ ಹೇಳ್ತಿದ್ದದ್ದು ಅಪ್ಪ ಅಲ್ಲ' ಅಂದೆ. 'ನಾನು.'

ಅವನ ಕೈ ನಿಲ್ಲಲಿಲ್ಲ. 'ನೋಟ್ಸಿಂದೂ?'

'ಅದೂ.'

'ಅಪ್ಪಂಗೆ ಗೊತ್ತಿತ್ತಾ?'

ಗೊತ್ತಿತ್ತು. ಇದನ್ನು ನಾನು ಈವರೆಗೆ ಯಾರಿಗೂ ಹೇಳಿರಲಿಲ್ಲ, ನನ್ನ ಗಂಡನಿಗೂ ಇಲ್ಲ. ನೋಟ್ಸಿನ ಕಥೆ ಬಂದ ಭಾನುವಾರ ಅಪ್ಪ ನಗಲಿಲ್ಲ. ಅರ್ಧಕ್ಕೇ ರೇಡಿಯೊ ಆಫ್ ಮಾಡಿದ. ಅಣ್ಣ ಮನೆಯಲ್ಲಿರಲಿಲ್ಲ, ಹಾಗಾಗಿ ಅವನು ಅದನ್ನು ನೋಡಲಿಲ್ಲ. ಮಾರನೇ ದಿನ ನಾನು ಎದುರು ಮನೆಯಿಂದ ಬರುವಾಗ ಅಪ್ಪ ಬಾಗಿಲಲ್ಲೇ ನಿಂತಿದ್ದ. 'ನೀನಾ?' ಅಂದ. ನಾನು ಅಳತೊಡಗಿದೆ. ಅಣ್ಣಂಗೆ ಹೇಳ್ಬೇಡ ಅಪ್ಪ, ಅವ್ನು ನನ್ನ ಮಾತಾಡ್ಸಲ್ಲ ಅಂದೆ. ಅಪ್ಪ ಹೊಡೆಯಲಿಲ್ಲ. ಇನ್ಮೇಲೆ ಆ ಮನೆಗೆ ಕಾಲಿಡಬೇಡ ಅಂದ. ಆಮೇಲೆ ಅಪ್ಪ ಹೇಳಿದ್ದನ್ನು ಅಣ್ಣನಿಗೆ ಹಾಗೇ ಹೇಳಿದೆ:

'ಅವ್ನು ಮಾತಾಡ್ಸ್ದೆ ಇದ್ರೆ ನೀನು ತಡ್ಕಳಲ್ಲ. ನಾನು ತಡ್ಕಂತೀನಿ ಬುಡು.'

ಅಪ್ಪ ತಡೆದುಕೊಂಡ. ಹೇಳಿದ್ದು ಅಪ್ಪನೇ ಅಂತ ಅಣ್ಣ ಬೈದುಕೊಂಡು ತಿರುಗುತ್ತಿದ್ದಾನೆ ಅಂತ ಗೊತ್ತಿದ್ದೂ ಒಂದು ಸಲವೂ ನಾನಲ್ಲ ಅನ್ನಲಿಲ್ಲ. (ನಾನು ಹೋಗುವುದು ನಿಂತ ಮೇಲೆ ತಿಪ್ಪೇಶಿಯ ಕಥೆಗಳು ಸಪ್ಪೆಯಾದವು. ಕೆಲವೇ ವಾರಕ್ಕೆ ನಾಟಕವೇ ನಿಂತಿತು.) ಅಮ್ಮನಿಗೂ ಹೇಳಲಿಲ್ಲ. ನಾನು ಬೆಳೆದು ದೊಡ್ಡವಳಾದೆ, ನನ್ನ ಮದುವೆಯಾಯಿತು, ಮಕ್ಕಳಾದವು. ಈಗಲಾದರೂ ನೀನೇ ಹೇಳಮ್ಮ ಅಂತ ನನಗೂ ಹೇಳಲಿಲ್ಲ. ನಾನು ಹೇಳಬಹುದಿತ್ತು. ಅಪ್ಪ ಹೋಗುವವರೆಗೆ ಮೂವತ್ತೇಳು ವರ್ಷ ಇತ್ತು ನನ್ನ ಕೈಯಲ್ಲಿ. ಆಮೇಲಾಮೇಲೆ ಹೇಳೋಣ ಅಂದುಕೊಂಡು, ಹಾಗೆ ಅಂದುಕೊಂಡದ್ದನ್ನೂ ಮರೆತೆ. ಇದಕ್ಕೆ ಬೇರೆ ಹೆಸರು ಹುಡುಕುವುದು ಬೇಡ, ಹೇಡಿತನ ಅಷ್ಟೇ.

ಅಣ್ಣ ಕಡಲೆಕಾಯಿ ಬಿಡಿಸುವುದನ್ನು ನಿಲ್ಲಿಸಿದ. ಅಂಗೈ ನೋಡಿಕೊಂಡ.

'ಆಸ್ಪತ್ರೇಲಿ ಅಪ್ಪ ನನ್ ಕೈ ಹಿಡ್ಕಳಾಕೆ ಬಂದ ಕಣಮ್ಮ' ಅಂದ. 'ಡಾಕ್ಟ್ರ ಹತ್ರ ಮಾತಾಡ್ಬೇಕು ಅಂತ ನೆಪ ಹೇಳಿ ಎದ್ದೋಗ್ಬುಟ್ಟೆ. ವಾಪಸ್ ಬರೋ ಹೊತ್ಗೆ ಆಗೋಗಿತ್ತು.'

ಅವನ ಕೈ ಹಿಡಿಯಲು ಹೋದೆ. ಅವನು ಮೊರ ಎತ್ತಿಕೊಂಡು ಎದ್ದ.

ಬಸ್‌ಸ್ಟಾಪಿನವರೆಗೆ ಬಂದ. ದಾರಿಯುದ್ದಕ್ಕೂ ಅವನ ಹಳೇ ಶಿಷ್ಯರು, 'ನಮಸ್ಕಾರಂ ಸಾರ್' ಅನ್ನುತ್ತಿದ್ದರು. ನಿಂತು ಎಲ್ಲರನ್ನೂ ತೆಲುಗಿನಲ್ಲಿ ವಿಚಾರಿಸಿದ. ಒಬ್ಬ ಹುಡುಗ ಗಾಡಿಯಿಂದ ಇಳಿದೇ ಮಾತಾಡಿದ. ಆ ಊರಲ್ಲಿ ಅವನನ್ನು ನೋಡಿ ಯಾರೂ ನಗುವುದಿಲ್ಲ. ಅವನು ನಡೆಯುವ ರೀತಿಯೇ ಬೇರೆ ಇದೆ ಅಲ್ಲಿ. ನಾನು ಇಷ್ಟು ವರ್ಷದಲ್ಲಿ ಗಮನಿಸಿರಲಿಲ್ಲ.

ಬಸ್ಸು ದೂರದಲ್ಲಿ ಕಂಡಾಗ ಕೇಳಿದ, 'ಇದ್ನೂ ಬರೀತೀಯ?'

ಇಲ್ಲ ಅಣ್ಣ, ದೇವರಾಣೆ ಬರೆಯಲ್ಲ ಅಂದೆ.

'ಬರಿ' ಅಂದ. 'ಅಪ್ಪನೇ ಅಂತ ಊರೆಲ್ಲ ನಾನೇ ಹೇಳ್ಕಂಡು ಬಂದಿದ್ದೀನಿ. ಅಪ್ಪ ಅಲ್ಲ ಅಂತ ಬರಿ.'

ಬಸ್ಸು ನಿಲ್ಲುವುದಕ್ಕೂ ಕಾಯದೆ ತಿರುಗಿ ಹೋದ.

ಆದ್ದರಿಂದ ಈ ವಾರ ನಗಿಸಲು ಏನೂ ಇಲ್ಲ, ಕ್ಷಮಿಸಿ. ಕೊರಟಗೆರೆಯ ಹಳಬರು ಯಾರಾದರೂ ಇದನ್ನು ಓದುತ್ತಿದ್ದರೆ, ಕಾಳುಕಡಿ ಅಂಗಡಿಯ ನಮ್ಮಪ್ಪನನ್ನು ಬಲ್ಲವರಿದ್ದರೆ, ಇನ್ನೊಬ್ಬರಿಗೂ ದಯವಿಟ್ಟು ತಿಳಿಸಿ. ಮಗನ ಗುಟ್ಟು ಬಿಟ್ಟುಕೊಟ್ಟದ್ದು ಅಪ್ಪ ಅಲ್ಲ. ಮಗಳು.

ಆ ಆಡಿಯೊವನ್ನು ಗ್ರೂಪ್‌ನಿಂದ ಅಳಿಸಿದ್ದೇನೆ. ಅಷ್ಟರಲ್ಲಿ ಎಷ್ಟು ಜನರಿಗೆ ಹೋಗಿದೆಯೋ ಗೊತ್ತಿಲ್ಲ. 'ತಿಪ್ಪೇಶಿ ಇನ್ನೂ ಇದ್ರೆ ಕಳ್ಸಿ ಆಂಟಿ, ಸೂಪರ್' ಅಂತ ಶಿರಾ ದೊಡ್ಡಮ್ಮನ ಮೊಮ್ಮಗ ಮೊನ್ನೆಯೂ ಮೆಸೇಜ್ ಮಾಡಿದ್ದ.

ಅಣ್ಣನಿಗೆ ಮೂರು ವಾರದಿಂದ ದಿನಾ ಫೋನ್ ಮಾಡುತ್ತಿದ್ದೇನೆ. ಎತ್ತುವುದಿಲ್ಲ. ಅತ್ತಿಗೆ ಎತ್ತಿ, ಚೆನ್ನಾಗಿದ್ದಾರಮ್ಮ, ಊಟ ಮಾಡ್ತಾರೆ, ಅನ್ನುತ್ತಾರೆ. ಕೊಡಿ ಅಂದರೆ ಹೊರಗೆ ಹೋಗಿದ್ದಾರೆ ಅನ್ನುತ್ತಾರೆ. ಹಿಂದಿನಿಂದ ಅವನು ಕೆಮ್ಮಿದ್ದು ನನಗೆ ಕೇಳಿಸುತ್ತದೆ. ಸಾಕಾಗಿದೆ ಕಣ್ರೀ. ಎದೆಗೆ ಕಲ್ಲು ಕಟ್ಟಿಕೊಂಡು ಓಡಾಡಿದ ಹಾಗಿದೆ.

ಅಪ್ಪ ಮೂವತ್ತೇಳು ವರ್ಷ ತಡೆದುಕೊಂಡದ್ದನ್ನು ನನಗೆ ಮೂರು ವಾರ ತಡೆದುಕೊಳ್ಳಲು ಆಗುತ್ತಿಲ್ಲವಲ್ಲ!